ಒಂದು ತಾಸಿನ ತಾಲೀಮು

ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆಯ ಊರುಗಳಲ್ಲಿ ಕಬಡ್ಡಿ ತಂಡದ ತಾಲೀಮು ಶುರುವಾಗುವುದು ದಿನದ ದುಡಿಮೆ ಮುಗಿದ ಮೇಲೆ. ಹೊಲದಿಂದ ಬಂದವರು, ಗ್ಯಾರೇಜಿನಿಂದ ಬಂದವರು, ಕಾಲೇಜಿನ ಬಸ್ಸಿಳಿದು ಬಂದವರು ಒಬ್ಬೊಬ್ಬರಾಗಿ ಶಾಲೆಯ ಬಯಲಲ್ಲಿ ಸೇರುತ್ತಾರೆ. ಕಲ್ಲು ಹೆಕ್ಕಿ, ನೀರು ಚಿಮುಕಿಸಿ, ಸುಣ್ಣದ ಗೆರೆ ಹಾಕುವಷ್ಟರಲ್ಲಿ ಬೆಳಕು ಉಳಿದಿರುವುದು ಒಂದು ತಾಸು. ಆ ತಾಸನ್ನು ಹೇಗೆ ಬಳಸಬೇಕು ಎನ್ನುವುದರ ಮೇಲೆ ದಿನವೂ ಒಂದು ಸಣ್ಣ ತಕರಾರು ನಡೆಯುತ್ತದೆ. ಕಲಿಸುವ ಹಿರಿಯ ಆಟಗಾರನಿಗೆ ಪಟ್ಟು ತಿದ್ದುವ ಆಸೆ. ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ ಕಾಲು ಹಿಡಿಸಬೇಕು, ಬಿಡಿಸಿಕೊಳ್ಳುವುದನ್ನು ಹೇಳಿಕೊಡಬೇಕು. ಹುಡುಗರಿಗೆ ಆಟ ಬೇಕು. "ಅಣ್ಣಾ, ಇದು ಸಾಕ ಬಿಡು, ಒಂದು ಮ್ಯಾಚ್ ಆಡೂಣು" ಎಂದು ಒಬ್ಬ ಅಂದರೆ, "ಮೊದಲು ಕಾಲು ಹಿಡಿಯೂದು ಕಲೀರಿ, ಆಮ್ಯಾಲೆ ಮ್ಯಾಚ್" ಎನ್ನುತ್ತಾನೆ ಅಣ್ಣ.

ಈ ತಕರಾರು ಕಬಡ್ಡಿಗೆ ಮಾತ್ರ ಸಂಬಂಧಿಸಿದ್ದಲ್ಲ. ಗಂಗಾವತಿಯ ವಾಲಿಬಾಲ್ ಹುಡುಗರಲ್ಲೂ, ಕೊಪ್ಪಳದ ಪ್ರೌಢಶಾಲೆಯ ಖೋಖೋ ಹುಡುಗಿಯರಲ್ಲೂ ಇದೇ ಮಾತು ಬರುತ್ತದೆ. ಸಂಬಳದ ಕೋಚ್ ಇಲ್ಲದ, ಹೊನಲು ಬೆಳಕಿನ ಅಂಕಣ ಇಲ್ಲದ, ಖುಷಿಗೆ ಆಡುವ ತಂಡಕ್ಕೆ ಇದು ದೊಡ್ಡ ಪ್ರಶ್ನೆಯೇ. ದುಡ್ಡಿದ್ದವರು ಎರಡನ್ನೂ ಮಾಡಬಹುದು. ಪ್ರೊ ಕಬಡ್ಡಿಯ ತಂಡಗಳು ಋತು ಶುರುವಾಗುವ ಮೊದಲು ವಾರಗಟ್ಟಲೆ ಶಿಬಿರ ಹೂಡುತ್ತವೆ. ನಮ್ಮ ಬಿ.ಸಿ. ರಮೇಶ್ ಅವರ ತರಬೇತಿಯಲ್ಲಿ 2019ರಲ್ಲಿ ಬೆಂಗಾಲ್ ವಾರಿಯರ್ಸ್, 2024ರಲ್ಲಿ ಪುಣೇರಿ ಪಲ್ಟನ್ ಕಪ್ ಗೆದ್ದವು. ಅಂಥ ಶಿಬಿರದಲ್ಲಿ ಬೆಳಿಗ್ಗೆ ಪಟ್ಟು, ಸಂಜೆ ಪಂದ್ಯ ಎಂದು ಹಂಚಿಕೊಳ್ಳಲು ಹೊತ್ತಿರುತ್ತದೆ. ಒಂದೇ ತಾಸು ಸಿಗುವವರು ಆರಿಸಿಕೊಳ್ಳಲೇಬೇಕು.

ಪಟ್ಟಿನ ಪರವಾಗಿ ಇರುವ ದೊಡ್ಡ ವಾದ ಬರಿಯ ಲೆಕ್ಕದ್ದು. ಗಂಡಸರ ಕಬಡ್ಡಿ ಪಂದ್ಯ ಎಂದರೆ ತಲಾ 20 ನಿಮಿಷದ ಎರಡು ಅವಧಿ, ಒಂದು ರೈಡಿಗೆ ಹೆಚ್ಚೆಂದರೆ 30 ಸೆಕೆಂಡು. ಪ್ರತಿ ರೈಡೂ ಪೂರ್ತಿ ಹೊತ್ತು ನಡೆದರೆ 80 ರೈಡು, ಒಂದು ಕಡೆಗೆ 40. ಕೆಲವು ಬೇಗ ಮುಗಿಯುವುದರಿಂದ ಇನ್ನೊಂದಷ್ಟು ಸೇರಿಸಿಕೊಳ್ಳೋಣ. ಈ ನಲವತ್ತು ಚಿಲ್ಲರೆ ರೈಡುಗಳು ಏಳು ಮಂದಿಗೆ ಸಮನಾಗಿ ಬೀಳುತ್ತವೆಯೇ? ಊರಿನ ತಂಡದಲ್ಲಿ ಒಬ್ಬ ಮುಖ್ಯ ರೈಡರ್ ಇರುತ್ತಾನೆ, ಅವನಿಗೊಬ್ಬ ಜೋಡಿ. ಅರ್ಧಕ್ಕಿಂತ ಹೆಚ್ಚು ರೈಡು ಅವರಿಬ್ಬರ ಕಾಲಿನಲ್ಲೇ ಹೋಗುತ್ತವೆ. ಹಿಡಿಯುವವರ ಸಾಲಿನ ನಡುವೆ, ಕವರಿನಲ್ಲಿ ನಿಂತ ಹುಡುಗ ಇಡೀ ಪಂದ್ಯದಲ್ಲಿ ಒಮ್ಮೆಯೋ ಎರಡು ಬಾರಿಯೋ ಎದುರಾಳಿಯ ಅಂಕಣಕ್ಕೆ ಹೋದಾನು. ಸಾಲಿನ ತುದಿಯ ಕಾರ್ನರಿನ ಹುಡುಗನ ಕೈಗೆ ಸಿಗುವ ಕಾಲುಗಳೂ ಅಷ್ಟೇ ಕಡಿಮೆ. ಅದೇ ಹದಿನಾಲ್ಕು ಮಂದಿಯನ್ನು ಏಳು ಜೋಡಿ ಮಾಡಿ ಹತ್ತು ನಿಮಿಷ ಬಿಟ್ಟರೆ, ಒಂದು ಸಲ ಹಿಡಿದು ಬಿಟ್ಟು ಮತ್ತೆ ನಿಲ್ಲಲು 20 ಸೆಕೆಂಡು ಎಂದುಕೊಂಡರೂ, ಒಬ್ಬೊಬ್ಬನಿಗೂ ಹದಿನೈದು ಸಲ ಹಿಡಿಯುವ ಸರದಿ ಬರುತ್ತದೆ. ನಲವತ್ತು ನಿಮಿಷದ ಪಂದ್ಯ ಕೊಡದಷ್ಟು ಸರದಿಯನ್ನು ಹತ್ತು ನಿಮಿಷದ ಜೋಡಿ ಅಭ್ಯಾಸ ಕೊಡುತ್ತದೆ.

ಆ ಹಿಡಿತವಾದರೂ ಸುಮ್ಮನೆ ಬರುವಂಥದ್ದಲ್ಲ. ಆ್ಯಂಕಲ್ ಹೋಲ್ಡ್ ಕಲಿಸುವುದನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ಕಾರ್ನರಿನವನು ಮೊಣಕಾಲು ಮಡಿಸಿ ತಗ್ಗಿ ನಿಂತಿರುತ್ತಾನೆ, ಭಾರ ಮುಂಗಾಲಿನ ಮೇಲೆ. ರೈಡರಿನ ಕಾಲು ಒಳಗೆ ಬಂದಾಗ ಎರಡೂ ಕೈ ಒಟ್ಟಿಗೆ ಹಿಮ್ಮಡಿಯ ಮೇಲಿನ ಗಂಟಿಗೆ ಬೀಳಬೇಕು, ಹಿಡಿದ ತಕ್ಷಣ ತನ್ನತ್ತ ಎಳೆದು ಕಾಲನ್ನು ನೆಲದಿಂದ ಎತ್ತಬೇಕು. ಆ ಹೊತ್ತಿಗೆ ತಲೆ ಎಲ್ಲಿರುತ್ತದೆ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ತಲೆ ರೈಡರಿನ ಮೊಣಕಾಲಿನ ಎದುರಿಗೇ ಬಂದರೆ ಹಲ್ಲು ಹೋಗುತ್ತದೆ, ಹುಬ್ಬು ಸೀಳುತ್ತದೆ. ತಲೆ ಕಾಲಿನ ಹೊರಬದಿಗೆ ಜಾರಿರಬೇಕು. "ಏ ತಮ್ಮಾ, ಕಾಲು ನೋಡು, ಮುಖ ನೋಡಬ್ಯಾಡ" ಎಂದು ಹೇಳಿಕೊಡುವ ಅಣ್ಣ, ಹುಡುಗನ ತಲೆಯನ್ನು ಅಂಗೈಯಲ್ಲಿ ಹಿಡಿದು ಪಕ್ಕಕ್ಕೆ ಸರಿಸಿ ತೋರಿಸುತ್ತಾನೆ. ಆಮೇಲೆ ನಿಧಾನವಾಗಿ ಮತ್ತೊಮ್ಮೆ, ಮಗದೊಮ್ಮೆ. ಪಂದ್ಯದ ನಡುವೆ ಈ ತಿದ್ದುವಿಕೆ ಸಾಧ್ಯವೇ ಇಲ್ಲ. ಅಲ್ಲಿ ತಪ್ಪಾಗಿ ಹಿಡಿದರೂ ಪಾಯಿಂಟ್ ಬಂದರೆ ಎಲ್ಲರೂ ಕೂಗಿ ಬೆನ್ನು ತಟ್ಟುತ್ತಾರೆ. ತಪ್ಪು ಅಲ್ಲೇ ಗಟ್ಟಿಯಾಗುತ್ತದೆ.

ಗಾಯದ ಮಾತು ಬಂದಾಗ ನಾನು ಪಟ್ಟಿನ ಕಡೆಗೆ ನಿಲ್ಲುತ್ತೇನೆ, ಇದರಲ್ಲಿ ನನಗೆ ಅನುಮಾನವಿಲ್ಲ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಹುಡುಗರು ಟಿ.ವಿ.ಯಲ್ಲಿ ಪರ್ದೀಪ್ ನರ್ವಾಲ್ ಅವರ ಡುಬ್ಕಿ ನೋಡಿದರು. ಎದುರಾಳಿಗಳು ಕೈಕೈ ಹಿಡಿದು ಅಡ್ಡ ಬಂದಾಗ ಅವರ ಕೈಯ ಕೆಳಗೆ ತಲೆ ತಗ್ಗಿಸಿ ನುಸುಳಿ ಹೋಗುವ ಆ ಚಳಕ ಮ್ಯಾಟಿನ ಮೇಲೆ ಚೆಂದ. ಯಲಬುರ್ಗಾದ ಎರೆ ನೆಲ ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಾಗಿರುತ್ತದೆ, ಮಸಾರಿ ನೆಲದಲ್ಲಿ ಹರಳು ಚರ್ಮ ಕೀಳುತ್ತದೆ. ಬೀಳುವುದನ್ನು ಮೊದಲು ಕಲಿಯದ ಹುಡುಗ ಅಲ್ಲಿ ಡುಬ್ಕಿಗೆ ಹೋದರೆ ಭುಜ ಇಳಿಯುತ್ತದೆ, ಮೊಣಕಾಲು ತಿರುಚುತ್ತದೆ. ದಿನಗೂಲಿಯ ಮನೆಯಲ್ಲಿ ಮೊಣಕಾಲಿನ ಪೆಟ್ಟು ಆಟಕ್ಕಷ್ಟೇ ನಿಲ್ಲುವುದಿಲ್ಲ, ದುಡಿಮೆಯೂ ಹೋಗುತ್ತದೆ.

ಇನ್ನೊಂದು ವಾದ ನಮ್ಮ ಜಿಲ್ಲೆಯದೇ. ಕುಷ್ಟಗಿ, ಯಲಬುರ್ಗಾ ತಾಲೂಕುಗಳಲ್ಲಿ ಮಳೆ ಕೈಕೊಟ್ಟ ವರ್ಷ ಜನ ಗುಳೆ ಹೋಗುತ್ತಾರೆ. ಬೆಂಗಳೂರು, ಮಂಗಳೂರು, ಗೋವಾ ಕಡೆ ಹೋದವರು ಜಾತ್ರೆಗೋ ಉಗಾದಿಗೋ ತಿರುಗಿ ಬರುತ್ತಾರೆ. ತಂಡದ ಏಳರಲ್ಲಿ ಮೂವರು ಗುಳೆ ಹೋದರೆ ಕೂಡಿ ಕಟ್ಟಿದ ಹೊಂದಾಣಿಕೆ ಅಲ್ಲಿಗೆ ಮುರಿಯಿತು. ಒಬ್ಬ ಹುಡುಗ ತನ್ನ ಕೈಗೆ ಕಲಿಸಿಕೊಂಡ ಹಿಡಿತ, ಕಾಲಿಗೆ ಕಲಿಸಿಕೊಂಡ ಹೆಜ್ಜೆ ಮಾತ್ರ ಅವನ ಜೊತೆ ಹೋಗುತ್ತದೆ, ಅವನ ಜೊತೆ ಬರುತ್ತದೆ. ಕಟ್ಟಡ ಕೆಲಸದ ಶೆಡ್ಡಿನ ಪಕ್ಕದ ಖಾಲಿ ಜಾಗದಲ್ಲೂ ಇಬ್ಬರು ಸೇರಿದರೆ ಪಟ್ಟು ಹಾಕಬಹುದು. ಏಳು ಮಂದಿಯ ಆಟ ಅಲ್ಲಿ ಆಗುವುದಿಲ್ಲ.

ಇಷ್ಟು ಕೇಳಿದ ಮೇಲೆ "ಮ್ಯಾಚ್ ಆಡೂಣು" ಎನ್ನುವ ಹುಡುಗನ ಮಾತು ಸೋಮಾರಿತನದಂತೆ ಕಾಣಬಹುದು. ಹಾಗಿಲ್ಲ. ಅವನ ಪರವಾಗಿಯೂ ಗಟ್ಟಿ ಮಾತಿದೆ.

ಜೋಡಿ ಅಭ್ಯಾಸದಲ್ಲಿ ಎದುರಿಗಿರುವವನು ಕಾಲು ಕೊಡುತ್ತಾನೆ. ಪಂದ್ಯದಲ್ಲಿ ಯಾರೂ ಕಾಲು ಕೊಡುವುದಿಲ್ಲ, ತೋರಿಸಿ ಎಳೆದುಕೊಳ್ಳುತ್ತಾರೆ. ನಿಜವಾದ ಕಲಿಕೆ ಕೈ ಹಾಕುವುದರಲ್ಲಿ ಎಷ್ಟಿದೆಯೋ, ಯಾವಾಗ ಕೈ ಹಾಕಬಾರದು ಎಂದು ಅರಿಯುವುದರಲ್ಲೂ ಅಷ್ಟೇ ಇದೆ. ರೈಡರ್ ಬಾಕ್ ಲೈನ್ ದಾಟಿ ನಿಂತಿದ್ದಾನೆ, ಒಳಗೆ ಆರು ಮಂದಿ ಇದ್ದೇವೆ, ಹಾಗಾದರೆ ಅವನ ಕಣ್ಣು ಬೋನಸ್ ಗೆರೆಯ ಮೇಲಿದೆ. ನಮ್ಮವರು ಮೂವರೇ ಉಳಿದರೆ ಹಿಡಿದದ್ದಕ್ಕೆ ಸೂಪರ್ ಟ್ಯಾಕಲ್‌ನ ಒಂದು ಹೆಚ್ಚಿನ ಪಾಯಿಂಟ್ ಇದೆ, ಆದರೆ ತಪ್ಪಿದರೆ ಆಲೌಟ್ ಹತ್ತಿರ. ಸತತ ಎರಡು ರೈಡು ಖಾಲಿ ಹೋಗಿವೆ, ಮೂರನೆಯದು ಡೂ ಆರ್ ಡೈ, ಅವನು ಬಂದೇ ಬರುತ್ತಾನೆ, ನಾವು ಕಾದರೆ ಸಾಕು. ಈ ಲೆಕ್ಕವೆಲ್ಲ ಅರೆ ಕ್ಷಣದಲ್ಲಿ ತಲೆಯೊಳಗೆ ಆಗಬೇಕು. ಎಡ ಕಾರ್ನರ್ ಮುಂದೆ ಜಿಗಿದಾಗ ಕವರಿನವನು ಅದೇ ಉಸಿರಿಗೆ ಹಿಂದೆ ಬೀಳಬೇಕು. ಇದನ್ನು ಏಳು ಮಂದಿ ಕೂಡಿ ಆಡದೆ ಕಲಿಯುವ ದಾರಿ ನನಗಂತೂ ಕಾಣುವುದಿಲ್ಲ. ಹೊಂದಾಣಿಕೆಯಿಲ್ಲದ ಒಳ್ಳೆಯ ಹಿಡಿತ ಹಿಡಿದವನನ್ನೇ ಔಟ್ ಮಾಡಿಸುತ್ತದೆ, ಅಷ್ಟೇ.

ಈ ಕಡೆಗೆ ಅಧ್ಯಯನಗಳ ಬೆಂಬಲವೂ ಇದೆ. ಇಂಗ್ಲೆಂಡಿನ ಲಫ್‌ಬರೋದಲ್ಲಿ ಡೇವಿಡ್ ಬಂಕರ್, ರಾಡ್ ಥಾರ್ಪ್ ಎಂಬ ಇಬ್ಬರು ದೈಹಿಕ ಶಿಕ್ಷಣದ ಅಧ್ಯಾಪಕರು 1982ರಲ್ಲಿ ಒಂದು ವಿಚಾರ ಮುಂದಿಟ್ಟರು. ಮಕ್ಕಳಿಗೆ ಮೊದಲು ಆಟದ ಅರ್ಥ ಸಿಗಲಿ, ಆಡುತ್ತ ಎಲ್ಲಿ ಸೋಲುತ್ತೇವೆ ಎಂದು ತಿಳಿಯಲಿ, ಆಮೇಲೆ ಅದಕ್ಕೆ ಬೇಕಾದ ಪಟ್ಟು ಹೇಳಿಕೊಡಿ ಎಂದರು. ಅದಕ್ಕೂ ಮೊದಲು, 1978ರಲ್ಲಿ, ಕೆರ್ ಮತ್ತು ಬೂತ್ ಮಾಡಿದ ಪ್ರಯೋಗ ಇನ್ನೂ ಸ್ವಾರಸ್ಯದ್ದು. ಎಂಟು ವರ್ಷದ ಮಕ್ಕಳಿಗೆ ಬೀಜ ತುಂಬಿದ ಚಿಕ್ಕ ಚೀಲವನ್ನು ಗುರಿಗೆ ಎಸೆಯುವ ಕೆಲಸ. ಒಂದು ಗುಂಪು ಮೂರು ಅಡಿ ದೂರದಿಂದಲೇ ಅಭ್ಯಾಸ ಮಾಡಿತು, ಇನ್ನೊಂದು ಎರಡಡಿ ಮತ್ತು ನಾಲ್ಕಡಿಯಿಂದ. ಪರೀಕ್ಷೆ ಇಟ್ಟದ್ದು ಮೂರಡಿಯಲ್ಲಿ. ಮೂರಡಿಯಿಂದ ಒಮ್ಮೆಯೂ ಅಭ್ಯಾಸ ಮಾಡದ ಗುಂಪೇ ಚೆನ್ನಾಗಿ ಎಸೆಯಿತು. ಮರುವರ್ಷ ಶೇ ಮತ್ತು ಮಾರ್ಗನ್ ನಡೆಸಿದ ಇನ್ನೊಂದು ಪ್ರಯೋಗದಲ್ಲಿ, ಮೂರು ಬಗೆಯ ಕೈಚಲನೆಗಳನ್ನು ಒಂದು ಮುಗಿದ ಮೇಲೆ ಒಂದರಂತೆ ಅಭ್ಯಾಸ ಮಾಡಿದವರು ಕಲಿಯುವಾಗ ಮುಂದಿದ್ದರು. ಕಲಸುಮೇಲೋಗರವಾಗಿ ಅಭ್ಯಾಸ ಮಾಡಿದವರು ಆಗ ಹಿಂದಿದ್ದು, ದಿನಗಳ ಮೇಲೆ ಪರೀಕ್ಷಿಸಿದಾಗ ಮುಂದೆ ಬಂದರು. ಇದು ನಮ್ಮ ಬಯಲಿಗೆ ನೇರವಾಗಿ ತಾಕುವ ಮಾತು. ಒಂದೇ ಹಿಡಿತವನ್ನು ಇಪ್ಪತ್ತು ಸಲ ಮಾಡಿಸಿದ ಸಂಜೆ ಹುಡುಗ ಪಳಗಿದಂತೆ ಕಾಣುತ್ತಾನೆ, ಕಲಿಸಿದವನಿಗೂ ಸಮಾಧಾನ. ವಾರದ ಮೇಲೆ ಪಂದ್ಯದಲ್ಲಿ ಅದು ಕೈಗೆ ಬರುವುದಿಲ್ಲ. ಚೀಲ ಎಸೆಯುವುದಕ್ಕೂ ಓಡಿ ಬರುವ ಆಳನ್ನು ಹಿಡಿಯುವುದಕ್ಕೂ ಅಂತರವಿದೆ, ಹಾಗಾಗಿ ಈ ಪ್ರಯೋಗಗಳೇ ಕೊನೆಯ ಮಾತು ಎನ್ನಲಾರೆ. ಆದರೂ ಅಭ್ಯಾಸದ ಸಂಜೆಯ ಹೊಳಪನ್ನು ನಂಬಬೇಡಿ ಎಂಬ ಎಚ್ಚರಿಕೆಯನ್ನು ತಳ್ಳಿಹಾಕುವಂತಿಲ್ಲ.

ಆಟದ ಪರವಾದ ಅತಿ ಬಲವಾದ ಮಾತು ಇನ್ನೂ ಸರಳ. ಹುಡುಗರು ಬರುವುದೇ ಆಡಲು. ನಾಟಿ ಹಚ್ಚಿ, ಚೀಲ ಹೊತ್ತು, ಬೆನ್ನು ಬಿದ್ದುಹೋದ ಹುಡುಗ ಗಂಗಾವತಿಯ ಗದ್ದೆ ಬಯಲಿನಿಂದ ಸೈಕಲ್ ತುಳಿದು ಬಂದದ್ದು ಸಾಲಿನಲ್ಲಿ ನಿಂತು ಸರದಿ ಕಾಯಲಿಕ್ಕಲ್ಲ. ನಾಲ್ಕು ದಿನ ಬರೀ ಪಟ್ಟು ಮಾಡಿಸಿದರೆ ಐದನೆಯ ದಿನ ಅವನು ಬರುವುದಿಲ್ಲ, ಬಾರದವನಿಗೆ ಯಾವ ವಿಧಾನದಿಂದಲೂ ಕಲಿಸಲಾಗದು. ಸಂಬಳಕ್ಕೆ ಆಡುವವನಿಗೆ ಬೇಸರ ನುಂಗುವುದು ಕೆಲಸದ ಭಾಗ. ಖುಷಿಗೆ ಆಡುವವನು ಯಾಕೆ ನುಂಗಬೇಕು?

ಆಟದ ಪರವಾಗಿ ಮಾತಾಡುವವರು ಕೊಡಗನ್ನು ಉದಾಹರಣೆಗೆ ತರುತ್ತಾರೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ 60 ಕುಟುಂಬ ತಂಡಗಳನ್ನು ಸೇರಿಸಿ ಶುರುಮಾಡಿದ ಹಾಕಿ ಹಬ್ಬ, 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳಿಗೆ ಬೆಳೆಯಿತು. ಅಜ್ಜ, ಮೊಮ್ಮಗಳು ಒಂದೇ ತಂಡದಲ್ಲಿ ಆಡುವ ಆ ಹಬ್ಬದಲ್ಲಿ ಡ್ರಿಲ್ ಎಲ್ಲಿಂದ ಬರಬೇಕು, ಎಲ್ಲವೂ ಆಟವೇ. ಆದರೆ ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯ ಅವರಂಥವರು ಈ ಹಬ್ಬದಿಂದ ಬಂದವರಲ್ಲ. ಅವರಿಬ್ಬರೂ ಅದು ಶುರುವಾಗುವ ಮುಂಚೆಯೇ ದೇಶಕ್ಕೆ ಆಡಿ ಮುಗಿಸಿದ್ದರು. ಕೂಡಿಗೆಯ ಕ್ರೀಡಾಶಾಲೆಯಂಥ ಕಡೆ ದಿನವೂ ಸ್ಟಿಕ್ ಹಿಡಿದು ತಿದ್ದಿಸಿಕೊಳ್ಳುವ ಮಕ್ಕಳೂ ಆ ಜಿಲ್ಲೆಯಲ್ಲೇ ಇದ್ದಾರೆ. ಕೊಡಗು ಎರಡೂ ಪಕ್ಷಕ್ಕೆ ಸಾಕ್ಷಿ ಹೇಳುತ್ತದೆ.

ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ನಮ್ಮ ಬಿಸಿಲಿಗೆ ಸಂಬಂಧವೇ ಇಲ್ಲದ ಒಂದು ಆಟದ ಪಾಠ. ಐಸ್ ಹಾಕಿಯವರಿಗೆ ನಮಗಿಂತಲೂ ಹೊತ್ತಿನ ಬಡತನ. ಲಡಾಖಿನಲ್ಲಿ ಕೊಳದ ನೀರು ಆಡುವಷ್ಟು ಗಟ್ಟಿಯಾಗಿ ಹೆಪ್ಪುಗಟ್ಟಿರುವುದು ಚಳಿಗಾಲದ ಎರಡು ತಿಂಗಳ ಆಸುಪಾಸು. ಅಷ್ಟರಲ್ಲೇ ಕಲಿತ ಹುಡುಗಿಯರು ಹೆಚ್ಚಾಗಿರುವ ಭಾರತದ ಮಹಿಳಾ ತಂಡ 2016ರಲ್ಲಿ ಮೊದಲ ಬಾರಿಗೆ ಅಂತರರಾಷ್ಟ್ರೀಯ ಪಂದ್ಯಕ್ಕೆ ಇಳಿದು ಸೋತಿತು, 2017ರಲ್ಲಿ ಫಿಲಿಪೀನ್ಸ್ ವಿರುದ್ಧ ಮೊದಲ ಗೆಲುವು ಕಂಡಿತು, 2025ರಲ್ಲಿ ಏಷ್ಯಾ ಕಪ್‌ನಲ್ಲಿ ಕಂಚು ತಂದಿತು. ಅಮೆರಿಕದಂಥ ಕಡೆ ಮಂಜಿನ ಅಂಕಣ ವರ್ಷವಿಡೀ ಇದ್ದರೂ ತಾಸಿಗಿಷ್ಟು ಎಂದು ಬಾಡಿಗೆ ಕಟ್ಟಬೇಕು. ಅಲ್ಲಿ ಕೆಲಸ ಮುಗಿಸಿ ರಾತ್ರಿ ಹೊತ್ತು ಆಡಲು ಬರುವ ಹವ್ಯಾಸಿ ತಂಡಗಳಲ್ಲೂ ಇದೇ ಜಗಳ: ಬಾಡಿಗೆಯ ತಾಸು ಸ್ಕೇಟಿಂಗ್, ಪಾಸಿಂಗ್ ಕಲಿಯಲಿಕ್ಕೋ, ಆಡಲಿಕ್ಕೋ? 60 ನಿಮಿಷದ ಪಂದ್ಯದಲ್ಲಿ ಒಳ್ಳೆಯ ಆಟಗಾರನ ಕೋಲಿಗೂ ಪಕ್ ಅಂಟಿಕೊಂಡಿರುವುದು ಒಂದೆರಡು ನಿಮಿಷ ಮಾತ್ರ. ಹಾಗೆಂದು ಸಾಲು ನಿಲ್ಲಿಸಿ ಡ್ರಿಲ್ ಮಾಡಿಸಿದರೆ ಹುಡುಗರು ನಿಂತೇ ಇರುತ್ತಾರೆ. 2009ರಿಂದ ಅಲ್ಲಿನ ಹಾಕಿ ಸಂಸ್ಥೆ ಹೇಳುತ್ತ ಬಂದ ದಾರಿ ಹೀಗಿದೆ. 200 ಅಡಿ ಉದ್ದ, 85 ಅಡಿ ಅಗಲದ ಇಡೀ ಅಂಕಣದಲ್ಲಿ ಚಿಕ್ಕ ಮಕ್ಕಳನ್ನು ಓಡಿಸಬೇಡಿ. ಅಡ್ಡಲಾಗಿ ಪಾಲು ಮಾಡಿ, ಪಾಲಿಗೊಂದು ಸಣ್ಣ ಆಟ ಹೂಡಿ. ಮೂವರ ಎದುರು ಮೂವರು, ಇಬ್ಬರ ಎದುರು ಇಬ್ಬರು. ಸ್ಪರ್ಧೆ ಇರಬೇಕು, ಎದುರಾಳಿ ನಿಜವಾಗಿ ಎದುರಿಸಬೇಕು, ಆದರೆ ಜಾಗ ಕಿರಿದಾಗಿ ಸರದಿ ಬೇಗಬೇಗ ಬರಬೇಕು.

ಇದರಲ್ಲಿ ನಮಗೆ ಹೊಸದೇನೂ ಇಲ್ಲ ಎಂದು ಗರಡಿ ಮನೆ ಕಂಡವರು ಹೇಳಿಯಾರು. ಅವರ ಮಾತು ಸರಿ. ನಮ್ಮ ಕಡೆಯ ಗರಡಿಯಲ್ಲಿ ವಸ್ತಾದರು ಮೊದಲು ಸಾಮು ಮಾಡಿಸುತ್ತಿದ್ದರು, ಆಮೇಲೆ ಪಟ್ಟು ತೋರಿಸುತ್ತಿದ್ದರು, ಅದೇ ಮಟ್ಟಿಯ ಮೇಲೆ ಅದೇ ಹೊತ್ತಿನಲ್ಲಿ ಜೋಡಿ ಬಿಡುತ್ತಿದ್ದರು. ಜೋಡಿ ಎಂದರೆ ಪೂರ್ಣ ಕುಸ್ತಿಯೂ ಅಲ್ಲ, ಕಾಲು ಕೊಟ್ಟು ನಿಲ್ಲುವ ಅಭ್ಯಾಸವೂ ಅಲ್ಲ. ಎದುರಿನವನು ಬಿಡುವುದಿಲ್ಲ, ಆದರೆ ವಸ್ತಾದರು ಅಲ್ಲೇ ನಿಂತು ತಡೆದು ತಿದ್ದುತ್ತಾರೆ. ಕುಸ್ತಿಯ ಹಿಡಿತ ಕಬಡ್ಡಿಗೆ ಎಷ್ಟು ಬೇಕು ಎನ್ನುವುದನ್ನು 2018ರ ಜಕಾರ್ತಾ ಏಷ್ಯನ್ ಗೇಮ್ಸ್ ತೋರಿಸಿತು. ಕುಸ್ತಿಯ ನಾಡಾದ ಇರಾನ್ ಸೆಮಿಫೈನಲ್‌ನಲ್ಲಿ ಭಾರತದ ಗಂಡಸರ ತಂಡವನ್ನು 27-18ರಿಂದ ಸೋಲಿಸಿತು. ಆ ಆಟಗಳಲ್ಲಿ ಕಬಡ್ಡಿ ಸೇರಿದ ಮೇಲೆ ಭಾರತದ ಗಂಡಸರಿಗೆ ಚಿನ್ನ ತಪ್ಪಿದ್ದು ಅದೇ ಮೊದಲು.

ಹುಡುಗಿಯರ ತಂಡದ ಮಾತು ಬೇರೆ ಇದೆ, ಅದನ್ನು ಹುಡುಗರ ಲೆಕ್ಕಕ್ಕೆ ಸೇರಿಸಿ ಹೇಳಿದರೆ ಅನ್ಯಾಯವಾಗುತ್ತದೆ. ಹುಡುಗರಿಗೆ ಸಂಜೆಯ ಬಯಲಿದೆ. ಬಹುಪಾಲು ಹುಡುಗಿಯರಿಗೆ ಶಾಲೆಯ ಗಂಟೆ ಹೊಡೆದ ಮೇಲೆ ಮನೆ. ಅವರ ತಾಲೀಮು ಪಿ.ಟಿ. ಪೀರಿಯಡ್ಡಿನೊಳಗೆ, ಅದೂ ತಾಲೂಕು ಮಟ್ಟದ ಕ್ರೀಡಾಕೂಟ ಹತ್ತಿರ ಬಂದಾಗ ಚುರುಕಾಗುತ್ತದೆ. ಬೀದಿಯಲ್ಲಿ ಆಡುತ್ತ ಬೆಳೆದ ಹುಡುಗರು ಆಟದ ಲೆಕ್ಕವನ್ನು ಅರಿವಿಲ್ಲದೆಯೇ ಕಲಿತಿರುತ್ತಾರೆ, ಅವರಿಗೆ ತಿದ್ದಬೇಕಾದ್ದು ಪಟ್ಟು. ಹುಡುಗಿಯರಿಗೆ ಆ ಆಡಿದ ವರ್ಷಗಳೇ ಸಿಕ್ಕಿಲ್ಲ. ಹಾಗಾಗಿ ಅವರಿಗೆ ಆಟವೇ ಹೆಚ್ಚು ಬೇಕು ಎಂದು ಒಬ್ಬ ಪಿ.ಟಿ. ಮಾಸ್ತರರು ಹೇಳಿದರೆ ಒಪ್ಪಬೇಕಾಗುತ್ತದೆ. ಅದೇ ಹುಡುಗಿಯರು ಒಮ್ಮೆಯೂ ಬಿದ್ದು ಎದ್ದು ಅಭ್ಯಾಸವಿಲ್ಲದೆ ನೇರ ಪಂದ್ಯಕ್ಕೆ ಇಳಿದರೆ ಮೊದಲ ಪೆಟ್ಟಿಗೇ ಮನೆಯವರು ಆಟ ಬಿಡಿಸುತ್ತಾರೆ ಎಂದು ಇನ್ನೊಬ್ಬರು ಹೇಳಿದರೆ ಅದೂ ನಿಜ. ಕಾರ್ಕಳದ ಹಳ್ಳಿಯಿಂದ ಬಂದು ಅರ್ಜುನ ಪ್ರಶಸ್ತಿ ಪಡೆದ ಮಮತಾ ಪೂಜಾರಿ, ಏಷ್ಯನ್ ಗೇಮ್ಸ್‌ನಲ್ಲಿ 2010 ಮತ್ತು 2014ರಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ ತೇಜಸ್ವಿನಿ ಬಾಯಿ ಅವರ ಹೆಸರು ಹೇಳಿ ಹುಡುಗಿಯರನ್ನು ಹುರಿದುಂಬಿಸುತ್ತೇವೆ. ಹುರಿದುಂಬಿಸಿದರೆ ಸಾಲದು, ವರ್ಷಪೂರ್ತಿ ವಾರಕ್ಕೆರಡು ಪೀರಿಯಡ್ ಆದರೂ ಅವರ ಹೆಸರಿಗೆ ಉಳಿಯಬೇಕು. ಪಟ್ಟೋ ಆಟವೋ ಎಂಬ ಪ್ರಶ್ನೆ ಅವರಿಗೆ ಆಮೇಲಿನದು.

ಎರಡೂ ಕಡೆಯನ್ನು ತೂಗಿದಾಗ ನನ್ನ ಮನಸ್ಸು ವಾಲುವುದು ಯಾರಿಗೆ ಸರದಿ ಸಿಗುತ್ತದೆ ಎಂಬ ಪ್ರಶ್ನೆಯ ಕಡೆಗೆ. ಇಡೀ ತಾಸು ಏಳು-ಏಳರ ಪಂದ್ಯ ಆಡಿಸಿದರೆ ಆಗಲೇ ಬಲ್ಲವನು ಇನ್ನಷ್ಟು ಬಲ್ಲವನಾಗುತ್ತಾನೆ. ಹೊಸಬ, ದಪ್ಪಗಿದ್ದು ನಾಚುವವನು, ಹೋದ ವಾರ ತಂಡಕ್ಕೆ ಬಂದವನು ಅಂಕಣದೊಳಗೇ ಪ್ರೇಕ್ಷಕನಾಗಿ ಉಳಿಯುತ್ತಾನೆ. ಇಡೀ ತಾಸು ಪಟ್ಟು ಮಾಡಿಸಿದರೆ ಎಲ್ಲರಿಗೂ ಸರದಿ ಸಿಗುತ್ತದೆ, ಆದರೆ ಆಟಕ್ಕೆ ಬೇಕಾದ ಕಣ್ಣು ಬೆಳೆಯುವುದಿಲ್ಲ. ನಡುವೆ ನಿಲ್ಲುವುದು ಸಣ್ಣ ಆಟ. ಅರ್ಧ ಅಂಕಣವನ್ನು ಉದ್ದಕ್ಕೆ ಸೀಳಿ, ಒಂದು ಪಾಲಿನಲ್ಲಿ ಒಬ್ಬ ರೈಡರ್, ಎದುರಿಗೆ ಒಬ್ಬ ಕಾರ್ನರ್ ಒಬ್ಬ ಕವರ್. 30 ಸೆಕೆಂಡಿನ ಬದಲು 15. ಸೋತವನು ಬದಲಾಗುತ್ತಾನೆ. ಪಾಯಿಂಟ್ ಎಣಿಕೆ ಇರುತ್ತದೆ, ಕೂಗಾಟವೂ ಇರುತ್ತದೆ, ಹುಡುಗರಿಗೆ ಅದು ಆಟವೇ. ಆದರೂ ಕಾಲು ಹಿಡಿಯುವುದು, ತಲೆ ಇಡುವುದು, ಬೀಳುವುದು ಈ ಮೂರನ್ನು ನಾನು ಸಣ್ಣ ಆಟಕ್ಕೂ ಬಿಡಲಾರೆ. ಅವನ್ನು ಮೊದಲ ಹತ್ತು ನಿಮಿಷ, ಮೆತ್ತಗೆ, ಜೋಡಿಯಲ್ಲೇ ಕಲಿಸಬೇಕು. ಬೇಸರವಾದರೂ ಕಲಿಸಬೇಕು. ಜಾತ್ರೆಯ ಪಂದ್ಯಾವಳಿ ಹತ್ತಿರ ಬಂದು, ಗುಳೆ ಹೋದವರೂ ತಿರುಗಿ ಬಂದಾಗ ಪೂರ್ತಿ ಪಂದ್ಯಗಳಿಗೇ ತಾಸು ಕೊಡಬೇಕು, ಏಕೆಂದರೆ ಆಗ ಕಟ್ಟಬೇಕಾದ್ದು ಹೊಂದಾಣಿಕೆ.

ಈ ಹಂಚಿಕೆಗೆ ಒಂದು ತೊಡಕಿದೆ. ಹವ್ಯಾಸಿ ತಂಡದಲ್ಲಿ ಕಲಿಸುವವನೂ ಆಟಗಾರನೇ. ಸಣ್ಣ ಆಟ ನಡೆಸಲು ಯಾರೋ ಒಬ್ಬರು ಸೀಟಿ ಹಿಡಿದು ಹೊರಗೆ ನಿಲ್ಲಬೇಕು, ಹುಡುಗನ ತಲೆ ಎಲ್ಲಿ ಹೋಯಿತು ಎಂದು ನೋಡಬೇಕು. ಆ ಅಣ್ಣನೂ ದಿನವಿಡೀ ದುಡಿದು ಬಂದವನು, ಅವನಿಗೂ ನಾಲ್ಕು ರೈಡು ಹೋಗುವ ಆಸೆಯಿದೆ, ವಯಸ್ಸು ಮೂವತ್ತು ದಾಟಿದ್ದರೆ ಉಳಿದಿರುವ ಆಟದ ವರ್ಷಗಳೂ ಹೆಚ್ಚಿಲ್ಲ. ಅನೇಕ ತಂಡಗಳು ತಾಲೀಮನ್ನು ಪಂದ್ಯಕ್ಕೇ ಬಿಟ್ಟುಕೊಡುವುದು ಇದೇ ಕಾರಣಕ್ಕೆ, ಯಾವ ಸಿದ್ಧಾಂತದಿಂದಲೂ ಅಲ್ಲ. ಸೀಟಿಯ ಪಾಳಿ ಹಚ್ಚಿಕೊಳ್ಳುವುದು ಒಂದು ಉಪಾಯ: ಸೋಮವಾರ ಒಬ್ಬ, ಮಂಗಳವಾರ ಇನ್ನೊಬ್ಬ, ಅದರಲ್ಲಿ ಹದಿನೇಳರ ಹುಡುಗನೂ ಇರಲಿ. ಹೊರಗೆ ನಿಂತು ಇನ್ನೊಬ್ಬನ ಕಾಲು ನೋಡಿದ ದಿನ ಅವನೂ ಒಂದಷ್ಟು ಕಲಿಯುತ್ತಾನೆ, ಅಣ್ಣನಿಗೂ ಒಳಗೆ ಇಳಿದು ಆಡಲು ಒಂದು ಸಂಜೆ ಸಿಗುತ್ತದೆ.